ಗೂಡಿನ ನೀರು

ಮೊನ್ನೆ ಮಾಲೂರಿನ ಅಂಗಡಿಯೊಂದರಲ್ಲಿ ಶಾಂಪೂ ಬಾಟಲಿಯ ಮುಚ್ಚಳ ತೆಗೆದು ಮೂಸಿದೆ. ಹಾಗೆ ಮಾಡಬಾರದು, ಗೊತ್ತು. ಹಾಳಾದ ಕೂದಲಿಗೆ ರೇಷ್ಮೆಯ ಪ್ರೋಟೀನು, ಹರಳೆಣ್ಣೆ ಎಂದು ಅದರ ಮೇಲೆ ಬರೆದಿತ್ತು. ಗುಲಾಬಿಯ ಪರಿಮಳ ಬಂತು. ರೇಷ್ಮೆಯ ವಾಸನೆ ಹೀಗಿರುವುದಿಲ್ಲವಲ್ಲ ಎಂದುಕೊಂಡದ್ದೇ ತಡ, ಬಾಟಲಿಯನ್ನು ಅಲ್ಲೇ ಇಟ್ಟು ಹೊರಗೆ ಬಂದುಬಿಟ್ಟೆ.

ಕೋಲಾರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಪಕ್ಕದಲ್ಲೇ ಪೆದ್ದಮ್ಮನ ಮನೆ. ನೆಂಟರೇನಲ್ಲ, ತೆಲುಗು ಮನೆಮಾತಿನವರು, ದೊಡ್ಡಮ್ಮ ಎನ್ನುವ ಅರ್ಥದಲ್ಲಿ ಬೀದಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ಹಿತ್ತಲ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಬೆಂದ ಹುಳದ ವಾಸನೆ ಅವರ ಸೀರೆಯಲ್ಲಿತ್ತು, ಕೈಯಲ್ಲಿತ್ತು, ಗೋಡೆ ದಾಟಿ ನಮ್ಮ ಅಡುಗೆಮನೆಗೂ ಬರುತ್ತಿತ್ತು.

ನಾನಾಗ ಡಿಗ್ರಿ ಮೊದಲ ವರ್ಷ. ಗುಂಗುರು ಕೂದಲು ನೆಟ್ಟಗಾಗಲಿ ಎಂದು ಮೇಜಿಗೆ ತಲೆ ಒರಗಿಸಿ, ಕೂದಲು ಹರಡಿ, ಅದರ ಮೇಲೆ ಬಟ್ಟೆಯ ಇಸ್ತ್ರಿ ಪೆಟ್ಟಿಗೆಯನ್ನೇ ಎಳೆಯುತ್ತಿದ್ದೆ. ಹೀಗೆ ಒಂದು ತಿಂಗಳು. ಬುದ್ಧಿ ಬರುವ ಹೊತ್ತಿಗೆ ತುದಿಗಳೆಲ್ಲ ಸೀಳಿ, ಬಾಚಣಿಗೆ ಇಟ್ಟರೆ ಪಟಪಟನೆ ತುಂಡಾಗುತ್ತಿದ್ದವು. ಅಮ್ಮ ಬೈದಳು. ಪೆದ್ದಮ್ಮ ಮಾತ್ರ ಒಂದು ಎಳೆ ಹಿಡಿದು, ನೂಲನ್ನು ನೋಡುವ ಹಾಗೆಯೇ ಬೆಳಕಿಗೆ ಎತ್ತಿ ನೋಡಿದರು.

"ಸತ್ತಿರೋ ಕೂದ್ಲಿಗೆ ಜೀವ ಬರಲ್ಲ ತಲ್ಲಿ," ಎಂದರು. "ತೇಪೆ ಹಾಕ್ಬಹುದು ಅಷ್ಟೆ. ಬುಡದಲ್ಲಿ ಹೊಸದು ಬರೋವರ್ಗೂ ತಡ್ಕೊಳ್ಳುತ್ತೆ."

ತೂತು ಬಿದ್ದ ಗೂಡು ನೂಲಿಗೆ ಬಾರದು. ಅಂಥವನ್ನು ಆರಿಸಿ, ಒಳಗಿನದನ್ನು ಕೊಡವಿ, ಒಳ್ಳೆಯ ನೀರಿನಲ್ಲಿ ಬೇಯಿಸಿ ಸೋಸುತ್ತಿದ್ದರು. ಹುಳ ಎಳೆಗೆ ಎಳೆ ಅಂಟಿಸಲು ಬಿಟ್ಟ ಅಂಟೆಲ್ಲ ಆ ನೀರಿಗಿಳಿದು ತಿಳಿಗಂಜಿಯಂತಾಗುತ್ತಿತ್ತು. ಭಾನುವಾರ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಸೀಳಿದ ತುದಿಗಳಿಗೆ ಅದನ್ನು ಬೆರಳಿನಿಂದ ತೀಡುವರು. ತೊಳೆದ ಮೇಲೆ, ಇನ್ನೂ ಒದ್ದೆ ಇರುವಾಗಲೇ, ಕೊಬ್ಬರಿ ಎಣ್ಣೆಗೆ ನಾಲ್ಕು ತೊಟ್ಟು ಹರಳೆಣ್ಣೆ ಬೆರೆಸಿ ಸವರುವರು. ಅಂಟು ಬಿರುಕು ತುಂಬುತ್ತದೆ, ಎಣ್ಣೆ ಒಣಗಿ ಮುರಿಯದಂತೆ ಕಾಯುತ್ತದೆ, ಇಷ್ಟೇ ಅವರ ಶಾಸ್ತ್ರ. ನನಗೋ ಆತುರ. ಒಂದು ವಾರ ಆ ನೀರನ್ನಷ್ಟೇ ಕದ್ದು ದಿನಾ ಹಚ್ಚಿಕೊಂಡೆ, ಎಣ್ಣೆಯಿಲ್ಲದೆ. ಕೂದಲು ಪೊರಕೆಯಾಯಿತು.

"ಗಂಜಿ ಜಾಸ್ತಿ ಆದ್ರೆ ಬಟ್ಟೆನೂ ಮುರಿಯುತ್ತೆ ಕಣೇ," ಎಂದು ನಕ್ಕು, ಪೆದ್ದಮ್ಮ ಮತ್ತೆ ಮೊದಲಿನಿಂದ ಶುರು ಮಾಡಿದರು.

ಮೂರು ತಿಂಗಳಿಗೆ ಕೂದಲು ಬಾಚಣಿಗೆಗೆ ತಡೆದುಕೊಂಡಿತು. ಆಗಲೇ ಆ ಒಂದು ಭಾನುವಾರ… ಕಾಲೇಜಿನ ಇಬ್ಬರು ಗೆಳತಿಯರು ಮನೆಗೆ ಬಂದಿದ್ದರು. ಒಬ್ಬಳು ಮೂಗು ಮುಚ್ಚಿಕೊಂಡು, "ಏನೇ ಇದು ವಾಸ್ನೆ, ನಿನ್ ತಲೇದಾ?" ಎಂದಳು.

"ನಂದಲ್ಲ. ಪಕ್ಕದ್ಮನೆಯವ್ರ ಕೈ ವಾಸ್ನೆ. ಬೇಡ ಅಂದ್ರೂ ಬಂದು ತಲೆಗೆ ಕೈ ಹಾಕ್ತಾರೆ," ಎಂದೆ.

ತಿರುಗಿದರೆ ಬಾಗಿಲಲ್ಲಿ ಪೆದ್ದಮ್ಮ, ಕೈಯಲ್ಲಿ ಗೂಡಿನ ನೀರಿನ ಬಟ್ಟಲು…

ಬಟ್ಟಲನ್ನು ಅಮ್ಮನ ಕೈಗೆ ಕೊಟ್ಟು ಹೋದರು. ಮುಂದಿನ ಭಾನುವಾರವೂ ನೀರು ಬಂತು, ಅವರು ಬರಲಿಲ್ಲ. ವಾಸನೆ ಮುಚ್ಚಲಿ ಎಂದು ಆ ನೀರಿಗೆ ಮರುಗ ಹಾಕಿದ್ದರು. ನನಗೆ ನಾಚಿಕೆಯಿಂದ ಊಟ ಸೇರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ತಪ್ಪಾಯ್ತು ಪೆದ್ದಮ್ಮ ಎನ್ನಲು ಎಷ್ಟು ಸಲ ಅವರ ಗೇಟಿನವರೆಗೆ ಹೋಗಿ ವಾಪಸ್ಸು ಬಂದೆನೋ. ನಾಳೆ, ನಾಳೆ ಎನ್ನುತ್ತಲೇ ಮದುವೆಯಾಗಿ ಮಾಲೂರಿಗೆ ಬಂದೆ. ಅಪ್ಪ ಅಮ್ಮ ಆ ಮನೆ ಖಾಲಿ ಮಾಡಿ ಶ್ರೀನಿವಾಸಪುರಕ್ಕೆ ಹೋದರು.

ಅಂಗಡಿಯಿಂದ ಬಂದಾಗಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಇವತ್ತು ಬೆಳಿಗ್ಗೆ ಕೋಲಾರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡೆ, ಅಳಿಸಿದೆ, ಮತ್ತೆ ಜೋಡಿಸಿದೆ.

ಬಾಗಿಲು ತೆಗೆದವಳು ಅವರ ಸೊಸೆ. ಪೆದ್ದಮ್ಮ ತೀರಿಕೊಂಡು ಎರಡು ವರ್ಷವಂತೆ. ಅವಳು ಕಾಫಿ ಕೊಟ್ಟು, ಮಗಳ ಜಡೆ ಹೆಣೆಯುತ್ತ ಕೂತಳು. ಆ ಜಡೆಯನ್ನೇ ನೋಡುತ್ತ, "ಪೆದ್ದಮ್ಮ ಎಷ್ಟು ಚೆನ್ನಾಗಿ ಎಣ್ಣೆ ಹಚ್ಚೋರು," ಎಂದೆ.

"ಇಲ್ಲಕ್ಕ, ಅತ್ತೆ ಯಾರ ತಲೇನೂ ಮುಟ್ತಿರ್ಲಿಲ್ಲ," ಎಂದಳು. "ಇವ್ಳು ಹೋಗಿ ಮುಂದೆ ಕೂತ್ರೂ, ಬೇಡಮ್ಮಾ, ನನ್ ಕೈ ವಾಸ್ನೆ, ಸ್ಕೂಲಲ್ಲಿ ನಗ್ತಾರೆ ಅನ್ನೋರು. ನೂಲು ತೆಗೆಯೋದು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಯಾಕೆ ಹಂಗಂದ್ಕೊಂಡಿದ್ರೋ ಗೊತ್ತಿಲ್ಲ."

ನನಗೆ ಗೊತ್ತಿತ್ತು. ಅವಳಿಗಾದರೂ ಹೇಳಬಹುದಿತ್ತು. ಉಳಿದ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.