ಇಳಿಸಿದ ಗಾಡಿ

ಮೂಡಲಗಿಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ವಯಸ್ಸು ನಲವತ್ತೈದು ದಾಟಿತ್ತು, ಬುದ್ಧಿ ಇನ್ನೂ ಬಂದಿರಲಿಲ್ಲ. ಕರೆಂಟಿನ ಕಾರು ಕೊಂಡು ಆರು ತಿಂಗಳಾಗಿರಲಿಲ್ಲ, ಅದರ ರೂಪದ ಮೇಲೆ ನನಗೆ ಸಿಟ್ಟು ಬರತೊಡಗಿತು. ತಳದಲ್ಲಿ ಬ್ಯಾಟರಿ ಇರುವುದರಿಂದ ಗಾಡಿ ಎತ್ತರ, ಚಕ್ರಗಳೋ ಸಣ್ಣವು. ದಪ್ಪ ಮನುಷ್ಯ ಮೊಣಕಾಲಿನ ಮೇಲೆ ಧೋತರ ಉಟ್ಟಂತೆ ಕಾಣುತ್ತಿತ್ತು.

ಆದರೆ ಆ ಎತ್ತರವೇ ಅವ್ವನಿಗೆ ಬೇಕಾಗಿದ್ದದ್ದು. ಮೊಣಕಾಲು ನೋವಿನಿಂದ ಅವಳು ಬಸ್ಸಿನ ಮೆಟ್ಟಿಲು ಹತ್ತಲಾರಳು. ಈ ಕಾರಿನ ಸೀಟು ಮಾತ್ರ ಅವಳ ಸೊಂಟಕ್ಕೆ ಸರಿಯಾಗಿತ್ತು. ಹಿಂದೆ ಸರಿದು ಕೂತರೆ ಆಯಿತು, ಯಾರ ಕೈಯೂ ಬೇಡ. ಪ್ರತಿ ರವಿವಾರ ಘೋಡಗೇರಿಗೆ, ಅವಳ ಅಕ್ಕನ ಮನೆಗೆ ಹೋಗುತ್ತಿದ್ದೆವು. ಇದೆಲ್ಲ ನನಗೆ ಗೊತ್ತಿತ್ತು. ಮನಸ್ಸಿಗೆ ಹಾಕಿಕೊಳ್ಳಲಿಲ್ಲ, ಅಷ್ಟೇ.

ಗೋಕಾಕದ ಮಿಸ್ತ್ರಿ ಗಿಡ್ಡ ಸ್ಪ್ರಿಂಗ್ ಹಾಕಿ, ಅಗಲವಾದ ಅಲಾಯ್ ಚಕ್ರ ಕೂಡಿಸಿದ. "ಮೂರು ಬೆರಳ ಇಳಸೀನ್ರಿ. ಹಂಪ್ ಬಂದ್ರ ಹಗೂರಕ ಹೋಗ್ರಿ, ತಳಕ್ಕ ಬ್ಯಾಟರಿ ಐತಿ" ಎಂದ. ನಾನು ಗಾಡಿಯ ಸುತ್ತ ನಾಲ್ಕು ಸಲ ತಿರುಗಿದೆ. ಖರೆ ಹೇಳುತ್ತೇನೆ, ಅಷ್ಟು ಚೆಂದದ ವಸ್ತು ನನ್ನದೆಂದು ಎಂದೂ ಇರಲಿಲ್ಲ.

ರವಿವಾರ ಅವ್ವ ರೂಢಿಯಂತೆ ಹಿಂದೆ ಸರಿದಳು. ಸೀಟು ಸೊಂಟಕ್ಕೆ ಸಿಗಲಿಲ್ಲ, ಧೊಪ್ಪನೆ ಅದರೊಳಗೆ ಬಿದ್ದಳು.

"ಏನಾತೋ ಇದಕ್ಕ?"

"ಇಳಸೀನಿ ಬೇ."

"ಹಂಗಾರ ನನ್ನ ಯಾರು ಇಳಸವ್ರು?"

ನಾನು ನಕ್ಕೆ. ಅವಳು ನಗಲಿಲ್ಲ.

ಕಬ್ಬಿನ ಹಂಗಾಮು. ಘಟಪ್ರಭಾ ದಾಟಿ ಘೋಡಗೇರಿಯ ದಾರಿ ಹಿಡಿದೆವು. ಟ್ರ್ಯಾಕ್ಟರುಗಳ ಓಡಾಟಕ್ಕೆ ರಸ್ತೆಯ ಎರಡೂ ಬದಿ ತಗ್ಗು ಬಿದ್ದು, ನಡುವೆ ಮಣ್ಣಿನ ದಿಂಡು ಎದ್ದಿತ್ತು. ಗಾಡಿಯ ಹೊಟ್ಟೆ ಅದರ ಮೇಲೆ ಕರ್ರೆಂದು ಕೂತಿತು. ಪರದೆಯ ಮೇಲೆ ಕೆಂಪು ದೀಪ ಹತ್ತಿತು, ಎಸಿ ನಿಂತಿತು. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಇನ್ನೊಂದು. ಎತ್ತಲೂ ಹೋಗುವಂತಿರಲಿಲ್ಲ.

"ರಸ್ತೆ ಹಿಂಗಿದ್ರ ಹೆಂಗ?" ಎಂದು ನಾನೇ ದನಿ ಏರಿಸಿದೆ.

ಮುಂದಿನ ಟ್ರ್ಯಾಕ್ಟರಿನವನು ಬಗ್ಗಿ ತಳ ನೋಡಿದ. "ಕುಣಿಯಾಕ ಬರದವ್ರು ನೆಲಾ ಡೊಂಕ ಅಂದಿದ್ರಂತ್ರಿ. ಎಲ್ಲಾರೂ ಇಳೀರಿ, ಎತ್ತೋಣು."

ಅವ್ವನ ಕೈ ಹಿಡಿದು ಎಳೆದೆ. ಏಳಲಾಗಲಿಲ್ಲ. ಇನ್ನೊಮ್ಮೆ ಎಳೆದಾಗ ನೋವಿನಿಂದ ನರಳಿ ಕೈ ಬಿಡಿಸಿಕೊಂಡಳು. "ಬಿಡು. ಇಲ್ಲೇ ಕೂತಿರ್ತೀನಿ."

ಪಕ್ಕದ ಹೊಲದಿಂದ ಕಬ್ಬು ಕಡಿಯುವವರು ಎಂಟು ಜನ ಬಂದು ಅವಳ ಸಮೇತ ಗಾಡಿ ಎತ್ತಿದರು. "ಆಯೀನ ಪಲ್ಲಕ್ಕಿ ಹೊಂಟ್ತು ನೋಡ್ರಿ" ಎಂದ ಒಬ್ಬ. ಎಲ್ಲರೂ ನಕ್ಕರು. ಎತ್ತಿಕೊಡುವವರ ಮುಂದೆ ಬಿಗಿದುಕೊಂಡು ನಿಲ್ಲುವುದು ಹೇಗೆ? ನಾನೂ ಜೋರಾಗಿ ನಕ್ಕೆ. ಕಿಟಕಿಯೊಳಗೆ ಅವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ತೊಡೆ ನೋಡುತ್ತ ಕೂತಿದ್ದಳು. ಆಗ ನನಗೆ ಸಾಯುವಷ್ಟು ನಾಚಿಕೆಯಾಯಿತು, ಆದರೆ ಆ ನಗುವನ್ನು ಹಿಂದೆ ತೆಗೆದುಕೊಳ್ಳುವ ದಾರಿ ಇರಲಿಲ್ಲ.

ಕೆಂಪು ದೀಪ ಆರಿ ಗಾಡಿ ಮತ್ತೆ ಹೊರಟಿತು. ಘೋಡಗೇರಿಯಲ್ಲಿ ಅವಳು ಇಳಿಯಲೇ ಇಲ್ಲ. ದೊಡ್ಡವ್ವ ಕಿಟಕಿಯ ಹತ್ತಿರ ನಿಂತು ಮಾತಾಡಿಸಿದಳು. ಚಹಾ ಗಾಡಿಗೇ ಬಂತು.

ಮರುದಿನವೇ ಗೋಕಾಕಕ್ಕೆ ಹೋಗಿ ಹಳೆಯ ಸ್ಪ್ರಿಂಗ್, ಹಳೆಯ ಚಕ್ರ ಹಾಕಿಸಿಕೊಂಡು ಬಂದೆ. ಮುಂದಿನ ರವಿವಾರ ಬಾಗಿಲು ತೆರೆದು ನಿಂತೆ. ಅವ್ವ ಹಿಂದೆ ಸರಿದು ತಾನಾಗಿಯೇ ಕೂತಳು. ನಾನು ಈಚೆ ಬಂದು ಹತ್ತಿ ಬೆಲ್ಟ್ ಹಾಕಿಕೊಂಡೆ. ಅಷ್ಟರಲ್ಲಿ ಅವಳು ತಾನಾಗಿಯೇ ಇಳಿದು ನಿಂತಿದ್ದಳು.

"ಯಾಕ ಬೇ? ಎತ್ತರ ಮೊದಲಿನಂಗ ಆಗೇತಲ್ಲ?"

"ಆಗೇತಿ. ನೀ ಹೋಗಿ ಬಾ."

"ಅವ್ರು ನಕ್ಕಿದ್ದು ಮನಸಿಗೆ ಹಚ್ಕೊಂಡಿ ಏನು?"

"ಅವ್ರ್ಯಾರೋ ಏನೋ, ನಗಲಿ" ಎಂದಳು. "ನೀನೂ ನಕ್ಕಿ."

ಗಾಡಿಯ ಬಾಗಿಲು ಮೆಲ್ಲಗೆ ಹಾಕಿ ಮನೆಯೊಳಗೆ ಹೋದಳು. ನಾನು ಬೆಲ್ಟ್ ಬಿಚ್ಚದೆ ಹಾಗೇ ಕೂತಿದ್ದೆ.