ತಿಮ್ಮಮ್ಮ ಕೇಳಿದ ತಿಳಿನೀಲಿ

ಲಿಂಗರಾಜುವಿನ ಮುಂದೆ ಬಣ್ಣದ ಮಾತು ಎತ್ತಿದಿರೋ, ಆ ದಿನದ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಮೂವತ್ತೈದು ವರ್ಷ ಅಗ್ರಹಾರ, ಸರಸ್ವತಿಪುರಂ ಅಂತ ಊರಿನ ಗೋಡೆಗಳಿಗೆಲ್ಲ ಬಣ್ಣ ಬಳಿದ ಆಸಾಮಿ. ಅಂಗಡಿಯ ಮಿಷಿನ್ನು ಕಲಸಿಕೊಡುವುದು ಅವನ ಪಾಲಿಗೆ ಬಣ್ಣವೇ ಅಲ್ಲ. ಬಕೆಟ್ಟಿನ ಬಿಳಿ ಬಣ್ಣಕ್ಕೆ ಸ್ಟೇನರ್ ಅನ್ನುವ ಗಾಢ ಬಣ್ಣವನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಕೋಲಿನಲ್ಲಿ ತಿರುವಿ, ಕಣ್ಣಳತೆಯಲ್ಲೇ ಹದ ಹಿಡಿಯಬೇಕು. ಹಟ ಅಂದರೆ ಹಟ!

ಆರು ವರ್ಷದ ಹಿಂದೆ ಹೆಂಡತಿ ತಿಮ್ಮಮ್ಮ ಮಲಗುವ ಕೋಣೆಗೆ ತಿಳಿನೀಲಿ ಕೇಳಿದ್ದಳು. "ಬೆಳಗಿನ ಆಕಾಶ್ದಂಗೆ ಇರ್ಬೇಕು ಕಣ್ರೀ." ಕಂಡವರ ಮನೆಗೆಲ್ಲ ಬಳಿದವನು ಸ್ವಂತ ಕೋಣೆಗೆ ಕೈ ಹಾಕಿದ್ದು ಅದೇ ಮೊದಲು. ಮುಗಿಸಿ, ಹೆಂಗದೆ ಅಂತ ಬೀಗುತ್ತಾ ಕೇಳಿದ. "ಚೆಂದಾಗದೆ ಬುಡಿ. ಒಂದ್ಸಲ ಕಣ್ಣು ತೋರುಸ್ಕೊಂಡು ಬನ್ನಿ" ಅಂದಳು. ಅವನು ಹೋಗಲಿಲ್ಲ. ಅವಳು ಐದು ವರ್ಷ ಆ ಕೋಣೆಯಲ್ಲೇ ಮಲಗಿ ಎದ್ದು, ಹೋದ ಶ್ರಾವಣದಲ್ಲಿ ಎದೆನೋವು ಬಂದು ತೀರಿಕೊಂಡಳು.

ಮಗಳು ಮಂಜುಶ್ರೀ ಗದರಿಸಿದ ಮೇಲೆ ಕೊನೆಗೂ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ. ಮನೆಗೆ ಬಂದು ನೋಡುತ್ತಾನೆ, ಅಯ್ಯೋ ಶಿವನೇ, ಗೋಡೆ ತುಂಬಾ ಶಾಯಿ ಚೆಲ್ಲಿದಂಥ ಕಡುನೀಲಿ! ಪೊರೆಗಣ್ಣಿಗೆ ನೀಲಿ ಮಂಕಾಗಿ ಕಂಡಿತ್ತು. ಸಾಲದು ಸಾಲದು ಅಂತ ಸುರಿದುಬಿಟ್ಟಿದ್ದ.

ಮಾರನೆಯ ದಿನವೇ ಕಿಟಕಿಯ ಪಕ್ಕ ಎರಡಡಿ ಅಗಲಕ್ಕೆ ಬಿಳಿ ಬಳಿದು, ಅದರ ಮೇಲೆ ನಿಜವಾದ ತಿಳಿನೀಲಿ ಹಚ್ಚಿ ಒಣಗಲು ಬಿಟ್ಟ. ಬೆಳಿಗ್ಗೆ ಬಿಸಿಲಲ್ಲಿ ಎರಡೂ ಬಣ್ಣ ಅಕ್ಕಪಕ್ಕ ನಿಂತಿದ್ದವು. ಅವಳು ಕೇಳಿದ್ದು ಒಂದು, ಅವಳಿಗೆ ಸಿಕ್ಕಿದ್ದು ಇನ್ನೊಂದು.

ಹೆಬ್ಬಾಳದ ಫ್ಯಾಕ್ಟರಿಯಿಂದ ರಾತ್ರಿಪಾಳಿ ಮುಗಿಸಿ ಬಂದ ಮಂಜುಶ್ರೀ ಬಾಗಿಲಲ್ಲೇ ನಿಂತಳು.

"ನಿಮ್ಮವ್ವ ಒಂದ್ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಮತ್ತೆ ಬ್ರಷ್ ಮುಟ್ಟಾಕಿಲ್ಲ ಅಂತ ಸುಮ್ನಿದ್ಲು ಕಣಪ್ಪ. ನಂಗೂ ಬಾಯ್ಬುಡ್ಬೇಡ ಅಂದಿದ್ಲು." ಮಗಳು ತಿಳಿನೀಲಿ ಮುಟ್ಟಿ ನೋಡಿದಳು. "ಇದೇ ಬಳ್ದುಬುಡು. ಅವ್ವನ ಆಸೆ ಈಗ್ಲಾದ್ರೂ ತೀರ್ಲಿ."

ಲಿಂಗರಾಜು ಬಂದು ಮಗಳ ಪಕ್ಕ ನಿಂತ. ತಿಮ್ಮಮ್ಮ ಬಂದು ಒಂದೇ ಒಂದು ಸಲ ಈ ಎರಡಡಿ ಗೋಡೆ ನೋಡಿ ಹೋಗಿದ್ದರೆ ಸಾಕಿತ್ತು.

"ಅವಳಿಲ್ದೆ ಅವಳ ಬಣ್ಣ ಇಟ್ಕೊಂಡು ನಾನೇನ್ ಮಾಡ್ಲವ್ವಾ? ಐದು ವರ್ಷ ನಂಗೋಸ್ಕರ ಇದ್ರೊಳ್ಗೆ ಇದ್ಲು. ಇನ್ಮೇಲೆ ನಾನಿರ್ತೀನಿ."

ತಿಳಿನೀಲಿಯನ್ನು ಮುಚ್ಚಲು ಆ ಹಳೆಯ ಕಡುನೀಲಿಯನ್ನೇ ಕಲಸಲು ಕೂತ. ಕಣ್ಣು ಈಗ ಚುರುಕಾಗಿತ್ತು, ಬಣ್ಣ ತಪ್ಪಿದೆ ಅಂತ ಪ್ರತಿ ತೊಟ್ಟಿಗೂ ಹೇಳುತ್ತಿತ್ತು. ಆದರೂ ಬಿಡದೆ, ಆ ತಪ್ಪು ಗೋಡೆಯ ಕಡುನೀಲಿಗೆ ಸರಿಹೊಂದುವವರೆಗೂ ಒಂದೊಂದೇ ತೊಟ್ಟು ಬಿಡುತ್ತಾ ಹೋದ.