ಚಿನ್ಮಯೀಗೆ ಬಿಡಿಸಿದ ಹಾಲು

ಖಾದಿಯ ಊರು ಗರಗದಲ್ಲಿ ನೂಲುವ ಹೆಂಗಸರಿಗೆ ಒಂದು ರೂಢಿಯಿದೆ. ಎಳೆ ಹರಿಯಿತೋ, ಮೊದಲು ಚರಕ ನಿಲ್ಲಿಸುತ್ತಾರೆ. ಹತ್ತಿಯ ದೋಷವೋ ಕೈಯ ದೋಷವೋ ಎಂಬುದೆಲ್ಲ ಆಮೇಲೆ. ಸುಮಲತಾ ಕಾಲೇಜು ಬಿಟ್ಟು ಮದುವೆಯಾಗುವ ತನಕ ತಾಯಿಯ ಪಕ್ಕದಲ್ಲಿ ಕೂತು ಹಾಗೆಯೇ ನೂತವಳು. ಹುಬ್ಬಳ್ಳಿ ಪಕ್ಕದ ನವನಗರಕ್ಕೆ ಸೊಸೆಯಾಗಿ ಬಂದ ಮೇಲೂ ಆ ಬುದ್ಧಿ ಬಿಡಲಿಲ್ಲ. ಕುಕ್ಕರು ಎಂದಿನಂತೆ ಸೀಟಿ ಹಾಕದಿದ್ದರೆ ಗ್ಯಾಸೇ ಬಂದ್. ಫಾಲ್ ಹಚ್ಚುವಾಗ ಮಿಷಿನ್ ಚೂರು ಬಿಗಿಯಾದರೆ ಗಿರಾಕಿಯ ಸೀರೆ ಮೊದಲು ಹೊರಗೆ. ಅದರಿಂದ ಅವಳಿಗೆ ಎಂದೂ ಕೆಡುಕಾಗಿರಲಿಲ್ಲ, ಈ ವರ್ಷದ ತನಕ.

ಗಂಡ ಫಕೀರೇಶ ಕ್ರೂಸರ್ ಗಾಡಿ ಓಡಿಸುತ್ತಾನೆ. ಮದುವೆ, ಸೀಮಂತ, ದೇವರ ಯಾತ್ರೆ, ಯಾರು ಕರೆದರೂ ಬಾಡಿಗೆಗೆ ಹೋಗುತ್ತಾನೆ. ಗುಟಕಾ ಕೂಡ ಮುಟ್ಟದ ಹುಡುಗ ಅಂತ ಹೇಳಿಯೇ ಹೆಣ್ಣು ಕೊಟ್ಟಿದ್ದರು. ಅದು ಸುಳ್ಳೇನಲ್ಲ. ಮನೆಯಲ್ಲಿ ಅವನ ತಾಯಿ ಸತ್ಯವ್ವ, ಮತ್ತು ಇನ್ನೂ ಹರಿದಾಡಲು ಕಲಿಯುತ್ತಿದ್ದ ಕೂಸು ಚಿನ್ಮಯೀ.

ಓಣಿಯ ಗಣಪತಿ ಕಳಿಸುವ ದಿನ ಮಧ್ಯಾಹ್ನ, ತಾಯಿ ಹೊರಗೆ ಹೋದದ್ದು ನೋಡಿ, ಫಕೀರೇಶ ಹೆಂಡತಿಯ ಮಿಷಿನ್ ಪಕ್ಕ ಬಂದು ಕೂತ. ಆಷಾಢದಲ್ಲಿ ಒಂದು ಪಾರ್ಟಿಯನ್ನು ಗೋವಾಕ್ಕೆ ಕರೆದುಕೊಂಡು ಹೋಗಿದ್ದನಲ್ಲ, ಅಲ್ಲಿ ಲಾಡ್ಜಿನಲ್ಲಿ ಅವರು ಒಬ್ಬ ಹೆಂಗಸನ್ನು ಕರೆಸಿದ್ದರಂತೆ. ಡ್ರೈವರ್ ಅಂತ ಬೇರೆ ಮಾಡಲಿಲ್ಲವಂತೆ, ಇವನನ್ನೂ ನೂಕಿದರಂತೆ. ನೂಕಿದರೆ ಹೋಗಬೇಕಿತ್ತೇ ಎಂದು ಸುಮಲತಾ ಕೇಳುವ ಮೊದಲೇ ಅವನು ಮುಂದಕ್ಕೆ ಹೋಗಿದ್ದ. ನಿರೋಧ್ ಕೂಡ ಹಾಕಿಕೊಂಡಿರಲಿಲ್ಲ. ಬಂದ ಮೇಲೆ ಜ್ವರ ಬಂತು, ಕುತ್ತಿಗೆಯಲ್ಲಿ ಗಂಟು ಕಂಡಿತು. ಫೋನಿನಲ್ಲಿ ಓದಿದ್ದೆಲ್ಲ ಮೈಯಲ್ಲಿ ಕಾಣತೊಡಗಿತು.

“ನನಗೇನರ ಎಚ್‌ಐವಿ ಬಂದಿದ್ರ ನಿನಗೂ ಬಂದಿರ್ತೇತಿ,” ಅಂದ. “ಅದಕ್ಕ ಹೇಳಾಕತ್ತೇನಿ.”

ಹೇಳಿ ಹಗುರಾದ. ಆ ದಿನ ಸಂಜೆ ಕಡಬು ಹಾಕಿಸಿಕೊಂಡು ಉಂಡ. ಸುಮಲತಾ ತನ್ನ ಪಾಲಿನ ಕಡಬನ್ನು ಡಬ್ಬಿಗೆ ಹಾಕಿಟ್ಟಳು. ಗೋವಾದಿಂದ ಬಂದ ಮೇಲೆ ಅವರಿಬ್ಬರೂ ಗಂಡಹೆಂಡಿರಾಗಿಯೇ ಇದ್ದರು. ಕೂಸು ದಿನವೂ ಅವಳ ಹಾಲು ಕುಡಿದಿತ್ತು.

ಮರುದಿನ ಅವಳು ಸಿಟ್ಟು ತೋರಿಸಲಿಲ್ಲ. ಸಿಟ್ಟಿಗೆ ಹೊತ್ತಿರಲಿಲ್ಲ. ತನ್ನ ಹಾಸಿಗೆಯನ್ನು ಅತ್ತೆಯ ಪಕ್ಕಕ್ಕೆ ಹಾಕಿಕೊಂಡು, ಕೂಸು ರಾತ್ರಿ ಏಳುತ್ತದೆಂದು ನೆಪ ಹೇಳಿದಳು. ಗಂಡನಿಗೆ ಒಂದೇ ಮಾತು ಕೇಳಿದಳು, ಇಬ್ಬರೂ ಹೋಗಿ ರಕ್ತ ತೋರಿಸುವುದು ಯಾವಾಗ ಎಂದು. ಹೋಗೂಣು ಅಂದ. ಸರಕಾರಿ ದವಾಖಾನೆಯಲ್ಲಿ ಪರಿಚಯದವರು ಸಿಗುತ್ತಾರೆ, ಬೇರೆ ಕಡೆ ನೋಡೂಣು ಅಂದ. ಆಮೇಲೆ ಬಾಡಿಗೆ ಇದೆ ಅಂದ. ಅವಳೊಬ್ಬಳೇ ಹೋಗೋಣವೆಂದರೆ ಕೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೊರಟಿ ಎಂದು ಕೇಳುವ ಅತ್ತೆ ಹೊಸ್ತಿಲಲ್ಲೇ ಇರುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ, ಆ ದವಾಖಾನೆಯ ಬಾಗಿಲೊಳಗೆ ಒಬ್ಬಳೇ ಹೋಗಲು ಅವಳಿಗೆ ಕಾಲೇ ಬರಲಿಲ್ಲ.

ದಸರೆಯ ಮಾನೌಮಿ ಹೊತ್ತಿಗೆ ಫಕೀರೇಶನ ಮುಖ ತಿಳಿಯಾಯಿತು. ಗಾಡಿ ತೊಳೆಯುವಾಗ ಸಿಳ್ಳೆ ಹಾಕತೊಡಗಿದ. ಅಲ್ಲಿಯ ತನಕ ದೂರದಿಂದಲೇ ನೋಡುತ್ತಿದ್ದ ಮಗಳನ್ನು ಎತ್ತಿ ಕೆನ್ನೆಗೆ ಮುದ್ದು ಕೊಟ್ಟ. ಬೆಂಕಿಯನ್ನು ನನ್ನ ಸೆರಗಿಗೆ ಹಾಕಿ ತಾನು ಮರೆತ, ಅಂದುಕೊಂಡಳು ಸುಮಲತಾ. ಬನ್ನಿ ಕೊಟ್ಟು ಬಂಗಾರದಂಗ ಇರೂಣು ಎಂದು ಅವನು ಕೈ ಚಾಚಿದಾಗ ಮತ್ತೆ ಕೇಳಿದಳು, ಯಾವಾಗ ಹೋಗೋದ್ರಿ? ಮುಂದಿನ ವಾರ, ಅಂದ.

ಆ ವಾರವೂ ಹೋಯಿತು. ಹಾಲಿನಿಂದಲೂ ಕೂಸಿಗೆ ಬರಬಹುದೆಂದು ಫೋನಿನಲ್ಲಿ ಓದಿದ್ದಳು. ಗಂಡನನ್ನು ಹೊರಡಿಸುವುದು ಅವಳ ಕೈಯಲ್ಲಿರಲಿಲ್ಲ. ಆಗಿಹೋದದ್ದನ್ನು ಅಳಿಸುವುದೂ ಇರಲಿಲ್ಲ. ಕೈಯಲ್ಲಿದ್ದದ್ದು ಹಾಲೊಂದೇ. ಚರಕ ನಿಲ್ಲಿಸುವಂತೆ ಅದನ್ನೇ ನಿಲ್ಲಿಸಿದಳು.

ಹಿತ್ತಲ ಗೋಡೆಯಾಚೆಯ ಬೇವಿನ ಮರದಿಂದ ಎಲೆ ಕಿತ್ತು, ಅರೆದು, ಮೊಲೆಗೆ ಹಚ್ಚಿಕೊಂಡು ಕೂತಳು. ಚಿನ್ಮಯೀ ನಗುತ್ತ ಬಂದು ಬಾಯಿ ಹಾಕಿತು. ಮುಖ ಕಿವುಚಿತು. ಅಳಲಿಲ್ಲ, ತಲೆ ಎತ್ತಿ ತಾಯಿಯ ಮುಖ ನೋಡಿತು, ತಪ್ಪಾಗಿದೆಯೇನೋ ಎಂಬಂತೆ ಇನ್ನೊಮ್ಮೆ ಬಾಯಿ ಹಾಕಿತು. ಆಮೇಲೆ ಅತ್ತಿತು. ಕೆಲವು ದಿನಕ್ಕೆ ಎದೆಯ ಕಡೆ ಕರೆದರೆ ಮುಖವನ್ನೇ ತಿರುಗಿಸಿತು.

ಹಾಲು ಬತ್ತಿತು ಎಂದು ಅತ್ತೆಗೆ ಹೇಳಿದ್ದಳು. ಪಾಪ, ಹಾಲು ಮತ್ತೆ ಬರಲೆಂದು ಸತ್ಯವ್ವ ಅಳವಿ ಕಾಳಿನ ಪಾಯಸ ಮಾಡಿದಳು, ಬೆಳ್ಳುಳ್ಳಿ ಹುರಿದು ಕೊಟ್ಟಳು, ಸಬ್ಬಸಗಿ ಪಲ್ಯ ಬಡಿಸಿದಳು. ಸುಮಲತಾ ಎಲ್ಲ ತಿಂದು, ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಕಲ್ಲಿನಂತೆ ಬಿಗಿದ ಎದೆಯಿಂದ ಹಾಲು ಹಿಂಡಿ ನೀರು ಸುರಿಯುತ್ತಿದ್ದಳು. ಒಂದು ದಿನ ಕೂಸಿನ ಬಾಯಲ್ಲಿ ಸತ್ಯವ್ವನಿಗೆ ಬೇವಿನ ವಾಸನೆ ಸಿಕ್ಕಿತು.

ಆ ದಿನದಿಂದ ಪಾಯಸ ನಿಂತಿತು, ಮಾತು ಶುರುವಾಯಿತು. ಫಕೀರೇಶ ರೊಟ್ಟಿ ತಿನ್ನುತ್ತ ಕೂತಾಗಲೇ ಅವನ ತಾಯಿ ಗೋಡೆಗೆ ಹೇಳಿದಂತೆ ಹೇಳಿದಳು:

“ಮೈಕಟ್ಟು ಕೆಡ್ತೇತಲ್ಲ ಈಗಿನವ್ರಿಗೆ. ಎಮ್ಮಿ ಸುದ್ದಾ ತನ್ನ ಕರ ಬಂದ್ರ ಒದೆಯೂದಿಲ್ಲವಾ.”

ಸುಮಲತಾ ಗಂಡನನ್ನು ನೋಡಿದಳು. ಅವನು ಪಲ್ಯ ಕೇಳಿದ.

ದೀಪಾವಳಿ ಹತ್ತಿರ ಬಂದಾಗ ಬಾಟಲಿ ಹಾಲಿಗೆ ಕೂಸಿನ ಹೊಟ್ಟೆ ಕೆಟ್ಟಿತು. ಕಣ್ಣು ಗುಳಿಬಿದ್ದವು, ಕುಂಡಿಯ ಚರ್ಮ ಜೋತುಬಿತ್ತು. ಸಲೈನು ಹಚ್ಚಿಸಿದ ಡಾಕ್ಟರು ಇಷ್ಟು ಬೇಗ ತಾಯಿಹಾಲು ಬಿಡಿಸಿದ್ದೇಕೆ ಎಂದು ಕೇಳಿದರು. ಸುಮಲತಾ ಕೂಸಿನ ದುಪ್ಪಟಿ ಸರಿಮಾಡಿದಳು. ಪಕ್ಕದಲ್ಲಿ ಸತ್ಯವ್ವ, ಆಕಿನ್ನ ಕೇಳ್ರಿ ಸರ, ಅಂದಳು.

ಕೂಸು ಮನೆಗೆ ಬಂದ ದಿನ ಸುಮಲತಾ ಗಂಡನನ್ನು ಗಾಡಿಯ ಹತ್ತಿರ ನಿಲ್ಲಿಸಿದಳು. ನಾಳೆ ರಕ್ತ ತೋರಿಸಲು ಬರದಿದ್ದರೆ ಗೋವಾದ ಸುದ್ದಿ ನಿಮ್ಮ ತಾಯಿಗೆ ನಾನೇ ಹೇಳುತ್ತೇನೆ ಎಂದಳು. ಅವನು ಹೆದರಿದ. ಬೆಳಿಗ್ಗೆ ಬೈಕು ತೆಗೆದ.

ಹುಬ್ಬಳ್ಳಿಯ ದವಾಖಾನೆಯ ಗೇಟಿನಲ್ಲಿ ಅವಳು ಕೂಸನ್ನೆತ್ತಿಕೊಂಡು ಇಳಿದಳು. ಅವನು ಇಳಿಯಲಿಲ್ಲ, ಇಂಜಿನ್ನೂ ಆರಿಸಲಿಲ್ಲ.

“ನೀ ಹೋಗಿ ಬಾ. ನಂದು ಆಗೇತಿ.”

“ಏನ್ ಆಗೇತ್ರಿ?”

“ರಕ್ತದ್ದು. ದೇಶಪಾಂಡೆ ನಗರದಾಗ ಒಂದು ಲ್ಯಾಬಿನ್ಯಾಗ ಕೊಟ್ಟಿದ್ನಿ. ಏನೂ ಇಲ್ಲಂತ.”

“ಯಾವಾಗ?”

ಅವನು ಬೈಕಿನ ಕನ್ನಡಿ ಸರಿಮಾಡಿದ. “ಮಾನೌಮಿಕಿಂತ ಮದಲ.”

ಸಿಳ್ಳೆ, ಮುದ್ದು, ಬನ್ನಿ, ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಅವಳು ಬೇವು ಅರೆಯುವ ಮೊದಲೇ ಅವನಿಗೆ ಗೊತ್ತಿತ್ತು. ತಾಯಿ ಎಮ್ಮೆಯ ಮಾತಾಡಿದ ದಿನವೂ ಗೊತ್ತಿತ್ತು.

“ನನಗ ಯಾಕ ಹೇಳಲಿಲ್ರಿ?”

“ಮುಗದ ಮಾತು, ಮತ್ತ ಯಾಕ ಕೆದರೂದಂತ ಸುಮ್ನಾದ್ನಿ. ನೀನರ ಯಾವಾಗ ಹೋಗೋದು ಅಂತ ಕೇಳ್ತಿದ್ದಿ. ನಿಮ್ಮದು ಆತೇನ್ರಿ ಅಂತ ಒಂದಿನಾ ಕೇಳಿದ್ಯೇನು?”

ಅವಳು ತಿರುಗಿ ಒಳಗೆ ನಡೆದಳು. ಇಷ್ಟು ದಿನ ಕಾಲು ಬಾರದಿದ್ದ ಬಾಗಿಲು ಈಗ ಬರೀ ಬಾಗಿಲಾಗಿತ್ತು.

ಒಳಗೆ ಸಲಹೆ ಕೊಡುವ ಹೆಂಗಸು ವಿದ್ಯಾ ಎಲ್ಲ ಕೇಳಿಸಿಕೊಂಡಳು. ಗಂಡ ಗೋವಾಕ್ಕೆ ಹೋದದ್ದು ಯಾವಾಗ, ರಕ್ತ ಕೊಟ್ಟದ್ದು ಯಾವಾಗ ಎಂದು ಲೆಕ್ಕ ಹಾಕಿ, ಅಷ್ಟು ದಿನವಾದ ಮೇಲೆ ಇಲ್ಲವೆಂದು ಬಂದಿದ್ದರೆ ಹೆದರುವ ಕಾರಣವಿಲ್ಲ ಎಂದಳು. ಆದರೂ ಸುಮಲತಾ ಕೈ ಚಾಚಿದಳು. ಇನ್ನೊಬ್ಬರ ಬಾಯಿಂದ ಕೇಳಿದ್ದನ್ನು ನಂಬುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಎರಡು ತಾಸು ಬೆಂಚಿನ ಮೇಲೆ ಕೂತಳು. ಅವಳ ರಕ್ತದಲ್ಲೂ ಏನೂ ಇರಲಿಲ್ಲ.

“ಹಾಲು ಬಿಡಸೂಕಿಂತ ಮದಲ ನಮ್ಮ ಹತ್ರ ಬಂದಿದ್ರ ಛಲೋ ಇತ್ತು ತಂಗಿ,” ವಿದ್ಯಾ ಮೆಲ್ಲಗೆ ಅಂದಳು. “ರೋಗ ಇದ್ದವ್ರಿಗೂ ಈಗ ಔಷಧ ಅದಾವ, ದಾರಿ ಅದಾವ. ಈಗೂ ದಿನಾ ಎದಿಗೆ ಹಚಗೊಳ್ರಿ. ಕೂಸು ಬಾಯಿ ಹಾಕಿದ್ರ ಹಾಲು ತಿರುಗಿ ಬರಬಹುದು.”

ಮನೆಗೆ ಬಂದವಳು ಕೂಸನ್ನು ಚಾಪೆಗಿಳಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಂಡ ಕೇಳುವಂತೆಯೇ ಅತ್ತೆಗೆ ಹೇಳಿದಳು. ಗೋವಾ, ಲಾಡ್ಜು, ಹೆದರಿಕೆ, ಬೇವು, ಕೊನೆಗೆ ಮಾನೌಮಿಗೆ ಮೊದಲೇ ಬಂದಿದ್ದ ಉತ್ತರ. ಯಾವುದನ್ನೂ ಬಿಡಲಿಲ್ಲ, ಯಾವುದಕ್ಕೂ ದನಿ ಏರಿಸಲಿಲ್ಲ. ಫಕೀರೇಶ ಬಾಡಿಗೆ ಇದೆಯೆಂದು ಕೀಲಿ ತೆಗೆದುಕೊಂಡು ಹೋದ.

ಸತ್ಯವ್ವ ಬಹಳ ಹೊತ್ತು ಒಲೆಯ ಕಟ್ಟೆ ಒರೆಸಿದಳು.

“ಗಂಡಸೂರು ಹತ್ತು ಕಡೆ ತಿರಗತಾರ,” ಅಂದಳು ಕೊನೆಗೆ. “ಅವ ತಪ್ಪು ಮಾಡಿದ, ಇಲ್ಲನ್ನೂದಿಲ್ಲ. ಆದ್ರ ಬೇವು ಹಚ್ಚಿದಾಕಿ ನೀನಲ್ಲೇನು?”

ಸುಮಲತಾ ಒಳಗೆ ಹೋಗಿ ಬಿಸಿನೀರಿನಲ್ಲಿ ಎದೆ ತೊಳೆದುಕೊಂಡಳು. ಬೇವು ಎಂದೋ ಹೋಗಿತ್ತು, ಆದರೂ ತೊಳೆದಳು. ಒಂದು ಹನಿ ಆಕಳ ಹಾಲನ್ನು ಬೆರಳಿನಿಂದ ಹಚ್ಚಿಕೊಂಡು ಚಿನ್ಮಯೀಯನ್ನು ಕರೆದಳು. ಕೂಸು ಮೊಣಕಾಲ ಮೇಲೆ ಹರಿದು ಬಂತು. ಹತ್ತಿರ ಬಂದು ತಾಯಿಯ ಮುಖ ನೋಡಿತು, ಎದೆ ನೋಡಿತು, ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತು. ಅವಳು ಸೆರಗು ಹೊದ್ದು ಚಮಚೆ, ಹಾಲಿನ ವಾಟಿ ತಂದಳು.

ಸಂಜೆ ಫಕೀರೇಶ ಒಂದು ಗಿಲಕಿ ತಂದಿದ್ದ. ಹೊಸ್ತಿಲಲ್ಲೇ ಕೂತು ಅಲ್ಲಾಡಿಸಿದ. ಚಿನ್ಮಯೀ ತಾಯಿಯ ತೊಡೆಯಿಂದ ಜಾರಿ, ನಗುತ್ತ, ಅವನ ಕಡೆ ಹರಿದು ಹೋಗಿ ಎದೆಗೆ ಮುಖ ಒತ್ತಿತು.

“ಅಪ್ಪನ ಮಗಳವಾ,” ಅಂದಳು ಸತ್ಯವ್ವ, ಯಾರನ್ನೂ ನೋಡದೆ.

ಸುಮಲತಾ ವಾಟಿಯಲ್ಲಿ ಉಳಿದ ಹಾಲನ್ನು ಮತ್ತೆ ಬಿಸಿಗಿಟ್ಟಳು.